ಒಂದು ಬೆರಳು ಹೆಚ್ಚು

ಶಿವಮೊಗ್ಗದ ದುರ್ಗಿಗುಡಿಯ ಮೂರ್ತಪ್ಪನವರ ಮನೆಗೆ ಥರ್ಮಾಕೋಲು ಬಂದದ್ದು ಅರವತ್ತೇಳನೇ ಇಸವಿಯ ಜನವರಿಯಲ್ಲಿ, ಎತ್ತಿನ ಗಾಡಿಯ ಮೇಲೆ. ಆಳುದ್ದದ ಬಿಳಿ ಹಲಗೆಗಳನ್ನು ಗಾಡಿಯವನು ಒಂದೇ ಕೈಯಲ್ಲಿ ನಾಲ್ಕು ನಾಲ್ಕಾಗಿ ಎತ್ತಿ ಜಗಲಿಯ ಮೇಲಿಟ್ಟಾಗ ಬೀದಿಯವರೆಲ್ಲ ನಿಂತು ನೋಡಿದರು. ಮೂರ್ತಪ್ಪ ಒಂದನ್ನು ಉಗುರಿನಿಂದ ಕೆರೆದು, ಮೂಸಿ, "ಇದೂ ಬೆಂಡೇ. ಬೊಂಬಾಯಿ ಬೆಂಡು" ಎಂದು ತೀರ್ಪು ಕೊಟ್ಟರು. ಅವರು ಅಷ್ಟೊಂದು ಖಾತರಿಯಾಗಿ ಹೇಳದೇ ಇದ್ದಿದ್ದರೆ ಮುಂದಿನ ಫಜೀತಿ ಅರ್ಧ ತಪ್ಪುತ್ತಿತ್ತು.

ಬೆಂಡಿನ ವಿಷಯದಲ್ಲಿ ಅವರ ಮಾತಿಗೆ ಊರಲ್ಲಿ ಬೆಲೆಯಿತ್ತು. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡ ತರಿಸಿ, ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ಉದ್ದನೆಯ ಕತ್ತಿಯಲ್ಲಿ ಕೊಯ್ದು ಮದುವೆಯ ಬಾಸಿಂಗ, ದೇವರ ಮಂಟಪ, ನಾಟಕದ ಕಿರೀಟ ಮಾಡುವುದು ಆ ಮನೆಯ ಕಸುಬು. ಬಾಸಿಂಗ ಹೆಣ್ಣು ಗಂಡಿನ ಹಣೆಗೆ ಕಟ್ಟುವ ವಸ್ತು, ಆದ್ದರಿಂದ ಅದಕ್ಕೆ ಮಡಿ. ಕೊಯ್ಯುವವರು ಗಂಡಸರೇ ಆಗಬೇಕು, ಸ್ನಾನ ಮಾಡಿ ಬರಿಹೊಟ್ಟೆಯಲ್ಲಿ ಕೂರಬೇಕು. ಹೆಂಗಸರು ಅಂಟು ಹಾಕಬಹುದು, ಮಿಂಚುವ ಬೇಗಡೆ ಹಾಳೆ ಹಚ್ಚಬಹುದು, ಕತ್ತಿ ಮುಟ್ಟುವಂತಿಲ್ಲ. ಮದುವೆ ಮನೆಯವರು ವೀಳ್ಯ ತಂದು ಕೊಯ್ಯುವವರ ಕೈಗೇ ಕೊಟ್ಟು ಹೋಗುತ್ತಿದ್ದರು. ಮೂವತ್ತು ವರ್ಷದಿಂದ ಆ ಕೈ ಮೂರ್ತಪ್ಪನವರದು.

ಹಾಗೆಂದು ಊರು ತಿಳಿದಿತ್ತು. ನಿಜ ಸಂಗತಿ ಬೇರೆ. ಮೂರು ವರ್ಷದ ಹಿಂದೆ ಮೂರ್ತಪ್ಪನವರ ಬಲಗೈ ನಡುಗಲು ಶುರುವಾಗಿತ್ತು. ಮನೆಯವರಿಗೆ ಅವರು "ಕತ್ತಿ ಹಿಡಿದ ಕೂಡಲೇ ನಡುಕ ನಿಲ್ಲುತ್ತೆ" ಎಂದು ಹೇಳಿ ನಂಬಿಸಿದ್ದರು. ಹೊರಗಿನವರೆದುರು ಆ ಕೈಯನ್ನು ಶಲ್ಯದೊಳಗೆ ಇಟ್ಟುಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಗಂಡ ಹೆಂಡತಿ ಕೆಲಸದ ಕೋಣೆಗೆ ಹೋಗಿ ಅಗುಳಿ ಹಾಕಿಕೊಳ್ಳುವರು. ಒಳಗೆ ಕೊಯ್ಯುತ್ತಿದ್ದವರು ಹೆಂಡತಿ ಕಾಳಮ್ಮ. ಮೂರ್ತಪ್ಪ ಗೋಡೆಗೆ ಒರಗಿ ಹಿಂದಿನ ದಿನದ ಪೇಪರು ಓದುತ್ತ, ನಡುನಡುವೆ ಹೊರಗೆ ಕೇಳುವ ಹಾಗೆ "ಅಂಟು ತಾರೇ, ಬೇಗ" ಎಂದು ಗದರುವರು. ಮಗ ಗೋವಿಂದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಅವನಿಗೆ ಇದು ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸೊಸೆಯಾಗಿ ಬಂದ ವಿಮಲಾಗಂತೂ ಅನುಮಾನವೂ ಬಂದಿರಲಿಲ್ಲ.

ಥರ್ಮಾಕೋಲು ತರಿಸಿದವಳು ಈ ವಿಮಲಾ. ಅವಳ ತವರು ಭದ್ರಾವತಿ. ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಅಣ್ಣ ಪುಟ್ಟಣ್ಣ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿನ ಕಾರ್ಮಿಕ ಕಲಾ ಸಂಘಕ್ಕೆ ಹತ್ತು ವರ್ಷ ತುಂಬುತ್ತಿತ್ತು. ಮಹಾದ್ವಾರದ ಮೇಲೆ 'ಕಾರ್ಮಿಕ ಕಲಾ ಸಂಘ ದಶಮಾನೋತ್ಸವ' ಎಂದು ಹದಿಮೂರು ದೊಡ್ಡ ಅಕ್ಷರ ಬೇಕಿತ್ತು. ಪುಟ್ಟಣ್ಣ ತಂಗಿಯ ಹೆಸರು ಹೇಳಿದ್ದ. ಅಕ್ಷರ ಚೆನ್ನಾಗಿ ಬಂದರೆ ಸಂಘದ ನಾಟಕಗಳ ಸಿಂಹಾಸನ, ರಥ, ಗೋಪುರ ಎಲ್ಲ ವರ್ಷವಿಡೀ ಅವಳಿಗೇ ಎಂದು ಕಾರ್ಯದರ್ಶಿ ಏಕಾಂತಪ್ಪ ಮಾತು ಕೊಟ್ಟಿದ್ದರು. ಅಪ್ಪನ ಪಕ್ಕ ಕೂತು ಅಕ್ಷರ ಕಲಿತಿದ್ದ ವಿಮಲಾಗೆ ಮದುವೆಯಾದ ಮೇಲೆ ಮೊದಲ ಸಲ ತನ್ನದು ಎನ್ನುವ ಕೆಲಸ ಸಿಕ್ಕಿತ್ತು.

ಜಗಳ ಅದೇ ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಯಿತು.

"ಈ ಮನೇಲಿ ಹೆಂಗಸರು ಕೊಯ್ಯಲ್ಲ," ಎಂದರು ಕಾಳಮ್ಮ, ಮಗನ ತಟ್ಟೆಗೆ ರೇಶನ್ ಗೋಧಿಯ ಚಪಾತಿ ಹಾಕುತ್ತ.

"ಕತ್ತಿ ಮುಟ್ಟಲ್ಲ ಅತ್ತೆ. ಇದು ಬರೀ ತಂತಿ," ಎಂದಳು ವಿಮಲಾ.

"ಯಾವ ತಂತಿ?"

"ಕರೆಂಟ್ ಒಲೆಯ ಸುರುಳಿ ಇರುತ್ತಲ್ಲ, ಅದು. ಅಣ್ಣ ಬಿದಿರಿನ ಬಿಲ್ಲಿಗೆ ಬಿಗಿದು ಕಟ್ಟಿದಾನೆ. ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟು ಕರೆಂಟ್ ಕೊಟ್ರೆ ಕಾಯುತ್ತೆ. ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ."

"ಕೊಯ್ಯುತ್ತೆ ಅಂತ ನೀನೇ ಹೇಳ್ತಿದೀಯಲ್ಲ ಮಾರಾಯ್ತಿ!"

ಗೋವಿಂದನಿಗೆ ನಗು ಬಂತು. "ತಂತಿಗೂ ಮಡಿ ಇದೆಯೇನಮ್ಮ?"

"ನೀನು ಸುಮ್ನಿರು. ಅಪ್ಪನ ಕಸುಬು ಕಲಿಯೋ ಅಂದ್ರೆ ಗಿರಣಿ ಸೇರ್ಕೊಂಡೆ. ನಿನಗೆ ಮಾತಾಡೋಕೆ ಬಾಯಿಲ್ಲ."

"ನೀವೇನಂತೀರಿ ಮಾವ?" ಎಂದು ವಿಮಲಾ ಅಡಿಗೆಮನೆ ಬಾಗಿಲಿನಿಂದಲೇ ಕೇಳಿದಳು.

ಮೂರ್ತಪ್ಪ ಎಡಗೈಯಲ್ಲಿ ಲೋಟ ಎತ್ತಿ ನೀರು ಕುಡಿದರು. "ಹಿತ್ತಿಲ ಚಪ್ಪರದಲ್ಲಿ ಮಾಡ್ಕೋ. ಕೆಲಸದ ಕೋಣೆಗೆ ತರಬೇಡ. ಬೋರ್ಡಿಗೆ ಶಾಸ್ತ್ರ ಇಲ್ಲ."

ಕಾಳಮ್ಮ ಚಪಾತಿಯ ಬುಟ್ಟಿಯನ್ನು ಸದ್ದಾಗುವ ಹಾಗೆ ಕೆಳಗಿಟ್ಟರು. ಅವರಿಗೆ ಶಾಸ್ತ್ರದ ಮೇಲೆ ಅಂಥಾ ಪ್ರೀತಿಯೇನೂ ಇರಲಿಲ್ಲ. ಸೊಸೆ ಕೊಯ್ಯಲು ಕೂತರೆ ಜನ ಬಂದು ನೋಡುತ್ತಾರೆ, ಹೆಂಗಸರ ಕೈಕೆಲಸದ ಮಾತು ಏಳುತ್ತದೆ, ಎದ್ದ ಮಾತು ಅಗುಳಿ ಹಾಕಿದ ಕೋಣೆಯವರೆಗೂ ಬರುತ್ತದೆ ಎಂಬ ಭಯ ಅವರದು. ಗುಟ್ಟು ರಟ್ಟಾದರೆ ಗಿರಾಕಿಗಳು ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಗಂಡ ಜಗಲಿಯ ಮೇಲೆ ತಲೆ ಎತ್ತಿ ಕೂರುವುದು ನಿಂತುಹೋಗುತ್ತದೆ. ಅದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಮುಂದಿನ ಎರಡು ವಾರ ಮನೆಯೆಲ್ಲ ಬಿಳಿ ಕಾಳು. ತಂತಿಯಲ್ಲಿ ಕೊಯ್ದರೆ ಉದುರುವುದಿಲ್ಲ, ಆದರೆ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದಾಗ ಸಾಸಿವೆಯಷ್ಟು ಸಣ್ಣ ಕಾಳು ಎದ್ದು ಸೀರೆಗೆ, ತಲೆಗೆ, ಬೆಕ್ಕಿನ ಬಾಲಕ್ಕೆ ಅಂಟಿಕೊಳ್ಳುತ್ತಿದ್ದವು. ಗುಡಿಸಿದರೆ ಪೊರಕೆಗೇ ಅಂಟುತ್ತಿದ್ದವು. ಕಾದ ತಂತಿಯ ಕಮಟು ವಾಸನೆ ಸಾರಿಗೂ ಹತ್ತಿದೆ ಎಂದು ಕಾಳಮ್ಮ ದಿನಾ ಹೇಳಿದರು. ಗೋವಿಂದ ಗಿರಣಿಗೆ ಹೋದಾಗ ಅಲ್ಲಿಯ ಹಮಾಲರು ಅವನ ಬೆನ್ನಿನ ಮೇಲಿನ ಕಾಳು ಹೆಕ್ಕಿ, "ಯಾವ ತಳಿ ಅಕ್ಕಿ ಇದು, ಗುಮಾಸ್ತರೇ?" ಎಂದು ಕೇಳಿದರಂತೆ.

"ನಿನ್ನ ಕೆಲಸ ಮುಗಿಯೋದು ಯಾವಾಗ?" ಎಂದು ಅವನು ಹೆಂಡತಿಯ ಮೇಲೆ ರೇಗಿದ.

"ನಿಮ್ಮ ಅಂಗಿ ನಾನೇ ಒಗೀತೀನಲ್ಲ, ನಿಮಗೇನು ಕಷ್ಟ?"

ವಿಮಲಾ ಮೊದಲು ಪರೀಕ್ಷೆಗೆ ಒಂದು ಚೂರಿಗೆ ಆಯಿಲ್ ಪೇಂಟ್ ಬಳಿದಳು. ಪೇಂಟು ಅದನ್ನು ತಿಂದು ಹಾಕಿತು. ಬೆಳಗಾಗುವುದರಲ್ಲಿ ಚೂರು ಗುಳಿಬಿದ್ದು ಮುದುಡಿತ್ತು. ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಕಾಳಮ್ಮ ಹುಣಸೆಬೀಜದ ಅಂಟಿನ ಮಡಕೆ ತಂದು ಪಕ್ಕದಲ್ಲಿಟ್ಟರು. "ಮೊದಲು ಕಾಗದ ಅಂಟಿಸು. ಅದರ ಮೇಲೆ ಸೀಮೆಸುಣ್ಣದ ಪುಡಿ ಕಲಸಿ ಬಳಿ. ಪೇಂಟು ಆಮೇಲೆ," ಎಂದು ಹೇಳಿ ಮುಖ ನೋಡದೆ ಒಳಗೆ ಹೋದರು. ಬೈಯಲು ನೂರು ಕಾರಣವಿದ್ದರೂ ಕೆಲಸ ಕೆಡುವುದನ್ನು ನೋಡಿ ಸುಮ್ಮನಿರಲು ಕಾಳಮ್ಮನಿಗೆ ಆಗುತ್ತಿರಲಿಲ್ಲ. ಅದೇ ಸ್ವಭಾವ ಮುಂದಿನ ವಾರ ಅವರಿಂದ ಇನ್ನೊಂದು ಕೆಲಸ ಮಾಡಿಸಿತು.

ದ್ವಾರದ ಮೇಲೆ ಕೂರಿಸುವ ಚೌಕಟ್ಟು ಭದ್ರಾವತಿಯಲ್ಲಿ ಕಬ್ಬಿಣದಲ್ಲಿ ತಯಾರಾಗುತ್ತಿತ್ತು, ಸುತ್ತ ಸಾಲು ಬಲ್ಬು. ಪುಟ್ಟಣ್ಣ ಬರೆದು ಕಳಿಸಿದ ಅಳತೆಗೆ ಸರಿಯಾಗಿ ವಿಮಲಾ ಹಳೇ ಪೇಪರಿನ ಮೇಲೆ ಹದಿಮೂರು ಅಕ್ಷರ ಬರೆದು, ಕತ್ತರಿಸಿ, ನಡುಮನೆಯಲ್ಲಿ ಹರಡಿಟ್ಟು ಕುಡಿಯುವ ನೀರಿಗೆಂದು ಬೀದಿ ನಲ್ಲಿಯ ಉದ್ದನೆಯ ಸಾಲಿಗೆ ಹೋದಳು. ಆ ಕಾಗದವನ್ನು ಹಲಗೆಯ ಮೇಲಿಟ್ಟು ಅಂಚಿನ ಗುಂಟ ತಂತಿ ಎಳೆಯುವುದು ಅವಳ ಪದ್ಧತಿ. ಕಾಳಮ್ಮ ಅಕ್ಕಿ ಆರಿಸುತ್ತ ಕೂತಿದ್ದವರು ಎದ್ದು ಬಂದು, ಹೆಬ್ಬೆರಳಿನಿಂದ ಅಳೆದು ನೋಡಿದರು. ಚೌಕಟ್ಟಿನ ಅಳತೆಗಿಂತ ಹುಡುಗಿ ಒಂದು ಬೆರಳೂ ಹೆಚ್ಚು ಬಿಟ್ಟಿಲ್ಲ!

ಬೆಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಹಸಿಯಿರುವಾಗಲೇ ಕೊಯ್ಯಬೇಕು. ಒಣಗಿದ ಮೇಲೆ ಅದು ಕುಗ್ಗುತ್ತದೆ. ಆದ್ದರಿಂದ ಬಾಸಿಂಗಕ್ಕೆ ಒಂದು ನೂಲಿನಷ್ಟು, ಮಂಟಪದಂಥ ದೊಡ್ಡ ಕೆಲಸಕ್ಕೆ ಸುತ್ತ ಒಂದು ಬೆರಳು ಹೆಚ್ಚು ಬಿಟ್ಟು ಕೊಯ್ಯುವುದು ಕ್ರಮ. ಕಾಳಮ್ಮ ಅದನ್ನು ಕಲಿತದ್ದು ಮೂರು ಬಾಸಿಂಗ ಕೆಡಿಸಿದ ಮೇಲೆ. ಬೊಂಬಾಯಿ ಬೆಂಡೂ ಬೆಂಡೇ ಎಂದು ಗಂಡ ಹೇಳಿಯಾಗಿತ್ತು. ಹೀಗೇ ಕೊಯ್ದರೆ ಅಕ್ಷರಗಳೆಲ್ಲ ಕುಗ್ಗಿ ಚೌಕಟ್ಟಿನಲ್ಲಿ ಲೊಡಲೊಡ ಎನ್ನುತ್ತವೆ, ತವರೂರಿನ ಜನರೆದುರು ಹುಡುಗಿಗೆ ಅವಮಾನವಾಗುತ್ತದೆ. ಹೇಳೋಣವೆಂದರೆ, ನಿಮಗೆ ಹೇಗೆ ಗೊತ್ತು ಅತ್ತೆ ಎಂಬ ಪ್ರಶ್ನೆ ಬರುತ್ತದೆ.

ಕಾಳಮ್ಮ ಹೇಳಲಿಲ್ಲ. ಎರಡು ಪದರ ಪೇಪರು ಅಂಟಿಸಿ, ಅದರ ಮೇಲೆ ವಿಮಲಾಳ ಅಕ್ಷರವಿಟ್ಟು, ಹೊರ ಅಂಚಿನಲ್ಲಿ ಸುತ್ತ ಒಂದು ಬೆರಳು ಬಿಟ್ಟು ಹದಿಮೂರನ್ನೂ ಹೊಸದಾಗಿ ಕತ್ತರಿಸಿದರು. ಹಳೆಯವು ಬಚ್ಚಲ ಒಲೆ ಸೇರಿದವು.

ಕೊಡ ಇಳಿಸಿ ಬಂದ ವಿಮಲಾ, "ನನ್ನ ಕಾಗದ ಎಲ್ಲಿ ಅತ್ತೆ?" ಎಂದಳು.

"ತೆಳ್ಳಗಿತ್ತು. ತಂತಿ ತಾಗಿದ್ರೆ ಸುಟ್ಟು ಹೋಗ್ತಿತ್ತು. ಗಟ್ಟಿ ಮಾಡಿ ಇಟ್ಟಿದೀನಿ, ತಗೋ."

ವಿಮಲಾಳ ಕಣ್ಣು ತುಂಬಿತು. ಕೆಲಸ ಶುರುವಾದ ಮೇಲೆ ಅತ್ತೆ ತಾವಾಗಿ ಬಂದು ಅವಳಿಗೆ ಕೈಯಾರೆ ಮಾಡಿಕೊಟ್ಟ ಮೊದಲ ಕೆಲಸ ಅದು. ಅಕ್ಷರ ತುಸು ದುಂಡಗಾದ ಹಾಗೆ ಕಂಡಿತು. ಆದರೆ ಅತ್ತೆಯ ಎದುರು ಟೇಪು ಹಿಡಿದು ಮತ್ತೆ ಅಳೆದರೆ ಅವರನ್ನು ಅನುಮಾನಿಸಿದ ಹಾಗಾಗುತ್ತದೆ. ಅಳೆಯದೆ ಕೊಯ್ದಳು.

ಉತ್ಸವದ ದಿನ ಅಕ್ಷರಗಳನ್ನು ಹಳೇ ಸೀರೆಗಳಲ್ಲಿ ಸುತ್ತಿ ಬೆಳಗಿನ ರೈಲಿಗೆ ಹಾಕಿಸಿಕೊಂಡು ನಾಲ್ವರೂ ಭದ್ರಾವತಿಗೆ ಹೋದರು. ಗೋವಿಂದ ರಜೆ ಹಾಕಿದ್ದ. ಅಲ್ಲಲ್ಲಿ ಕಾಗದ ಕಿತ್ತರೆ ಅಂಟಿಸಲು ಕಾಳಮ್ಮ ಬೇಕಾಗಿತ್ತು. ಮೂರ್ತಪ್ಪ ರುಮಾಲು ಸುತ್ತಿ, ಕೋಟು ಹಾಕಿ, ಮೇಲೆ ಶಲ್ಯ ಹೊದ್ದು, ಕತ್ತಿಯಿದ್ದ ಚೀಲವನ್ನು ಹೆಗಲಿಗೇರಿಸಿದ್ದರು. ಸೊಸೆಯ ಕೆಲಸವಾದರೂ ಮನೆ ಯಾರದೆಂದು ಜನಕ್ಕೆ ತಿಳಿಯಬೇಕಲ್ಲ.

ಚೌಕಟ್ಟನ್ನು ಮೈದಾನದಲ್ಲಿ ಮಲಗಿಸಿ ಅಕ್ಷರ ಜೋಡಿಸಿದರು. ಹನ್ನೆರಡು ಕೂತವು. ಕೊನೆಯ 'ವ' ಹೊರಗುಳಿಯಿತು. ಒತ್ತಿ ಒತ್ತಿ ಜೋಡಿಸಿದರೂ ಅಷ್ಟೇ. ಮೇಲೆ ಕೆಳಗೆ ಬಲ್ಬುಗಳಿಗೂ ತಾಗುತ್ತಿದ್ದವು.

ಪುಟ್ಟಣ್ಣ ಟೇಪು ಹಿಡಿದ. "ಚೌಕಟ್ಟು ಸರಿ ಇದೆ. ಅಕ್ಷರಾನೇ ದೊಡ್ಡದಾಗಿದೆ ಕಣೇ ವಿಮಲಾ."

ಆಗ ಹನ್ನೊಂದು ಗಂಟೆ. ಐದಕ್ಕೆ ಉದ್ಘಾಟನೆ. ವಿಮಲಾ ನೆಲಕ್ಕೆ ಕೂತು ನೋಟ್‌ಬುಕ್ಕಿನಲ್ಲಿ ಮೂರು ಸಲ ಕೂಡಿದಳು. ಮೂರು ಸಲವೂ ಸರಿಯಾಗಿಯೇ ಬಂತು. "ನನ್ನಿಂದಲೇ ಎಲ್ಲೋ ತಪ್ಪಾಗಿದೆ," ಎಂದು ಅಳಲು ಶುರುಮಾಡಿದಳು.

ಶಾಮಿಯಾನ ಕಟ್ಟುತ್ತಿದ್ದವರು, ನಾಟಕದವರು ಎಲ್ಲ ಸೇರಿ ಮೂವತ್ತು ನಲವತ್ತು ಜನ ಸುತ್ತ ನಿಂತರು. ಏಕಾಂತಪ್ಪ ಕೆಟ್ಟವರಲ್ಲ, ಆದರೆ ಅವರಿಗೂ ಕಮಿಟಿ ಇತ್ತು. "ನೋಡಮ್ಮ, ನಾನು ಎಲ್ಲರಿಗೂ ಹೇಳಿ ಒಪ್ಪಿಸಿದ್ದೆ. ಈಗ ಬಟ್ಟೆ ಮೇಲೆ ಬರೆಸಿ ಕಟ್ಟಿಸ್ತೀನಿ. ಮುಂದಿನ ಕೆಲಸದ ಮಾತು ಮರೆತುಬಿಡಿ," ಎಂದರು.

ಕಾಳಮ್ಮ ಅಂಟಿನ ಮಡಕೆಯ ಮುಂದೆ ಕೂತೇ ಇದ್ದರು. ಎರಡನೇ ಅಕ್ಷರ ಇಡುವಾಗಲೇ ಅವರಿಗೆ ಗೊತ್ತಾಗಿತ್ತು, ಬೊಂಬಾಯಿ ಬೆಂಡು ಒಂದು ಕೂದಲೆಳೆಯಷ್ಟೂ ಕುಗ್ಗಿಲ್ಲ ಎಂದು. ಬಾಯಿ ಬಿಟ್ಟರೆ ಗಂಡನ ಹೆಸರು ಹೋಗುತ್ತದೆ, ಬಿಡದಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ. ಮೂವತ್ತು ವರ್ಷ ಬಾಳಿದ ಗಂಡ ಒಂದು ಕಡೆ, ಎರಡು ವರ್ಷದ ಸೊಸೆ ಇನ್ನೊಂದು ಕಡೆ. ಅವರು ಸುಮ್ಮನೇ ಇದ್ದುಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಮೂರ್ತಪ್ಪ ಜನರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ನಾನು ಆವತ್ತೇ ಹೇಳ್ದೆ. ಹೆಂಗಸರು ಕೊಯ್ಯೋಕೆ ಕೂತ್ರೆ ಹೀಗೇ ಆಗೋದು."

ಕಾಳಮ್ಮನಿಗೆ ಮೈಯೆಲ್ಲ ಉರಿಯಿತು. ಅಂಥಾ ಕೋಪ ಅವರಿಗೆ ಗಂಡನ ಮೇಲೆ ಅದುವರೆಗೆ ಬಂದಿರಲಿಲ್ಲ. ಎದ್ದು ನಿಂತರು.

"ಅವಳ ಲೆಕ್ಕ ಸರಿಯಾಗೇ ಇತ್ತು. ಸುತ್ತ ಒಂದು ಬೆರಳು ಹೆಚ್ಚು ಬಿಟ್ಟಿದ್ದು ನಾನು. ಕಾಗದ ಬದಲಾಯಿಸಿದ್ದು ನಾನು."

"ನಿನಗ್ಯಾಕಮ್ಮ ಬೇಕಿತ್ತು ಈ ಉಸಾಬರಿ?" ಎಂದ ಗೋವಿಂದ.

"ಒಣಗಿದ್ರೆ ಕುಗ್ಗುತ್ತೆ ಅಂದ್ಕೊಂಡೆ."

"ಕುಗ್ಗೋದು ಬಿಡೋದು ನಿನಗೇನು ಗೊತ್ತು?"

"ಕೊಯ್ಯೋರಿಗೆ ಗೊತ್ತಿರಲ್ವೇನೋ? ಮೂರು ವರ್ಷದಿಂದ ಈ ಊರಿಗೂ ಆ ಊರಿಗೂ ಬಾಸಿಂಗ ಕೊಯ್ತಿರೋಳು ನಾನೇ."

ಕಾಳಮ್ಮ ಗಂಡನ ಮುಂದೆ ಹೋಗಿ ಕೈ ಚಾಚಿದರು. "ಕತ್ತಿ ಕೊಡ್ರಿ. ಐದು ಗಂಟೆ ಒಳಗೆ ಆಗ್ಬೇಕು."

ಮೂರ್ತಪ್ಪ ಬೇಕಾದರೆ ಇಲ್ಲ ಎನ್ನಬಹುದಾಗಿತ್ತು. ಚೀಲಕ್ಕೆ ಕೈ ಹಾಕಿ ಕತ್ತಿ ತೆಗೆದರು. ಶಲ್ಯದಿಂದ ಹೊರಗೆ ಬಂದ ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಕತ್ತಿಯ ಹಿಡಿ ಕೋಟಿನ ಗುಂಡಿಗೆ ಬಡಿದು ಸದ್ದಾಯಿತು. ಎಲ್ಲರೂ ನೋಡಿದರು.

ಕಾಳಮ್ಮ ಗೆರೆ ಹಾಕಲಿಲ್ಲ. ಎಡಗೈ ಹೆಬ್ಬೆರಳನ್ನು ಅಂಚಿಗೆ ಒತ್ತಿ ಇಟ್ಟುಕೊಂಡು, ಅದರ ಪಕ್ಕದಲ್ಲೇ ಕತ್ತಿ ಎಳೆಯುತ್ತ ಹೋದರು. ಪೇಂಟು, ಕಾಗದ, ಥರ್ಮಾಕೋಲು ಒಂದೇ ಪಟ್ಟಿಯಾಗಿ ಸುರುಳಿ ಬಿಚ್ಚಿ ಬಂತು. ವಿಮಲಾ ಕಣ್ಣೊರೆಸಿಕೊಂಡು ಹಿಂದೆ ಹಿಂದೆಯೇ ಅಂಚು ಉಜ್ಜಿ, ಕಾಗದ ಅಂಟಿಸಿ, ಬಣ್ಣ ಹಚ್ಚಿದಳು. ಇಬ್ಬರೂ ಊಟಕ್ಕೆ ಏಳಲಿಲ್ಲ. ಮೂರೂವರೆಗೆ 'ವ' ತನ್ನ ಜಾಗದಲ್ಲಿ ಕೂತಿತು. ಸಂಜೆ ಬಲ್ಬು ಹತ್ತಿದಾಗ ಬಣ್ಣ ಇನ್ನೂ ಹಸಿಯಾಗಿಯೇ ಇತ್ತು, ಕೆಳಗೆ ನಿಂತವರಿಗೆ ಅದು ಕಾಣಲಿಲ್ಲ. ಬರುವ ತಿಂಗಳ ಸಿಂಹಾಸನಕ್ಕೆ ಅಳತೆ ತಗೊಂಡು ಹೋಗಮ್ಮ ಎಂದು ಏಕಾಂತಪ್ಪ ವಿಮಲಾಗೆ ಹೇಳಿದರು. ಮೂರ್ತಪ್ಪನವರಿಗೂ ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮ ಮನೆಯವರ ಕೈ ಭಾರಿ ಚೆನ್ನಾಗಿದೆ" ಎಂದರು. ಅವರು ಖಾಲಿ ಚೀಲ ಹೆಗಲಿಗೇರಿಸಿ ರೈಲಿನ ಕಡೆ ನಡೆದರು.

ಆಮೇಲಿನ ಮೂರು ವಾರ ಗಂಡ ಹೆಂಡತಿಗೆ ಮಾತಿಲ್ಲ. "ಅತ್ತೆಗೆ ಹೇಳು, ಮಜ್ಜಿಗೆ ಸಾಕು," ಎಂದು ಮೂರ್ತಪ್ಪ ಎದುರಿಗೇ ನಿಂತ ಹೆಂಡತಿಗೆ ಸೊಸೆಯ ಮೂಲಕ ಹೇಳಿಸುತ್ತಿದ್ದರು. ಕೆಲಸದ ಕೋಣೆಯ ಬಾಗಿಲು ಈಗ ತೆರೆದೇ ಇರುತ್ತಿತ್ತು. ಅವರು ಒಳಗೆ ಹೋಗುತ್ತಿರಲಿಲ್ಲ, ಜಗಲಿಗೂ ಬರುತ್ತಿರಲಿಲ್ಲ. ಹಿತ್ತಿಲಲ್ಲಿ ಕೂತು ಬಾವಿಕಟ್ಟೆ ನೋಡುತ್ತಿದ್ದರು. ಸುದ್ದಿ ಅವರಿಗಿಂತ ಮೊದಲೇ ಶಿವಮೊಗ್ಗಕ್ಕೆ ಬಂದಿತ್ತು. ಫಾಲ್ಗುಣದ ಲಗ್ನಕ್ಕೆ ವೀಳ್ಯ ಕೊಟ್ಟಿದ್ದ ಎರಡು ಮನೆಯವರು ಬಂದು, ಮನೇಲಿ ಹಿರಿಯರು ಒಪ್ಪುವುದಿಲ್ಲ ಎಂದು ಮುಖ ತಿರುಗಿಸಿ ಹೇಳಿ ಹೋದರು.

"ನಾನು ಬಾಯಿ ಮುಚ್ಕೊಂಡಿದ್ರೆ ಆಗಿತ್ತು," ಎಂದರು ಕಾಳಮ್ಮ ಒಂದು ದಿನ ಹುರುಳಿ ಬೀಸುತ್ತ.

"ಹಾಗನ್ಬೇಡಿ ಅತ್ತೆ," ಎಂದಳು ವಿಮಲಾ.

"ನಿನ್ನ ವಿಷಯಕ್ಕಲ್ಲ ಕಣೇ. ಅವರನ್ನ ನೋಡೋಕಾಗಲ್ಲ ನನಗೆ."

ಮೂರನೆಯವರಾಗಿ ಹೊಳೆಹೊನ್ನೂರಿನ ಶಿವಯೋಗಪ್ಪ ಬಂದರು. ಕಿರಿಯ ಮಗಳ ಮದುವೆಗೆ ಅವರೂ ಬಾಸಿಂಗ ಹೇಳಿ ಹೋಗಿದ್ದರು. ಗೋವಿಂದ ಚಾಪೆ ಹಾಸಿದ, ಅವರು ಕೂರಲಿಲ್ಲ.

"ಅಪ್ಪನ್ನ ಕರೀ ಮಾರಾಯ. ಒಂದು ಮಾತು ಹೇಳಿ ಹೋಗ್ತೀನಿ."

ಮೂರ್ತಪ್ಪ ಹಿತ್ತಿಲಿನಿಂದ ಬಂದು ಜಗಲಿಯ ಕಂಬದ ಪಕ್ಕ ನಿಂತರು. ಶಲ್ಯ ಹೊದ್ದಿರಲಿಲ್ಲ. ಕೈ ನಡುಗುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಮೂರ್ತಪ್ಪನವರೇ," ಎಂದರು ಶಿವಯೋಗಪ್ಪ. "ಶುಭಕಾರ್ಯ. ನಮ್ಮ ತಾಯಿ ಬೇಡ ಅಂತಿದಾರೆ. ಹೆಂಗಸರು ಕೊಯ್ದ ಬಾಸಿಂಗ ಕಟ್ಟಿದ್ರೆ ಏಳಿಗೆ ಆಗಲ್ವಂತೆ."

ಒಳಗೆ ಕಾಳಮ್ಮನ ಬೀಸುಕಲ್ಲು ನಿಂತಿತು.

"ಹಿರೇ ಮಗಳ ಮದುವೆ ಯಾವಾಗ ಮಾಡಿದ್ರಿ?" ಎಂದು ಮೂರ್ತಪ್ಪ ಕೇಳಿದರು.

"ಎರಡು ವರ್ಷ ಕಳೀತು. ಯಾಕೆ?"

"ಅದನ್ನೂ ಇವಳೇ ಕೊಯ್ದಿದ್ದು. ನಾನು ಗೋಡೆಗೆ ಒರಗಿ ಕೂತಿದ್ದೆ. ನಿಮ್ಮ ವೀಳ್ಯ ತಗೊಂಡಿದ್ದು ಮಾತ್ರ ನಾನು. ಹುಡುಗಿ ಹೇಗಿದಾಳೆ?"

"ಚೆನ್ನಾಗಿದಾಳೆ. ಮೊನ್ನೆ ಗಂಡು ಮಗು ಆಯ್ತು," ಎಂದರು ಶಿವಯೋಗಪ್ಪ. ಆಮೇಲೆ ಚಾಪೆಯ ಮೇಲೆ ಕೂತರು. ಕೂತ ಮೇಲೆ ಜೇಬು ತಡಕಿ, ಬೇರೆ ಕಡೆ ಕೊಡಲೆಂದು ತಂದಿದ್ದ, ಮಗಳ ಹಣೆಯ ಅಳತೆಯ ಅರಿಸಿನದ ದಾರವನ್ನು ಹೊರಗೆ ತೆಗೆದು, ಅಭ್ಯಾಸಬಲದಿಂದ ಮೂರ್ತಪ್ಪನವರ ಕಡೆಗೇ ಚಾಚಿದರು.

ಮೂರ್ತಪ್ಪ ಕೈ ಮುಂದೆ ತರಲಿಲ್ಲ.

"ಕಾಳೀ," ಎಂದು ಒಳಗೆ ತಿರುಗಿ ಕೂಗಿದರು, ಮೂರು ವಾರದಲ್ಲಿ ಮೊದಲ ಸಲ. "ಬಾರೇ ಇಲ್ಲಿ. ಗಿರಾಕಿ ಬಂದಿದಾರೆ ನಿನಗೆ."